ತಪ್ಪು ಓದಿಸಿ ಕೊಲ್ಲುವ ಮದ್ದು

ಕ್ಷಯರೋಗದ ವಿರುದ್ಧ ನಿಜವಾಗಿ ಕೆಲಸ ಮಾಡಿದ ಮೊದಲ ಆಂಟಿಬಯೋಟಿಕ್ ಸ್ಟ್ರೆಪ್ಟೋಮೈಸಿನ್. ಅದು ಸಿಕ್ಕಿದ್ದು 1943ರಲ್ಲಿ. ಆದರೆ ಅದು ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಎಲ್ಲ ಎಳೆಗಳನ್ನೂ ಸೇರಿಸಿ ಕಟ್ಟಿದ ಒಂದು ವಿವರಣೆ ಬಂದಿದ್ದು 1986ರಲ್ಲಿ. ನಡುವೆ 43 ವರ್ಷ! ಅಷ್ಟೂ ವರ್ಷ ವೈದ್ಯರು ಚುಚ್ಚುಮದ್ದು ಕೊಡುತ್ತಲೇ ಇದ್ದರು, ರೋಗಿಗಳು ಬದುಕುತ್ತಲೇ ಇದ್ದರು, ವಿಜ್ಞಾನಿಗಳು ಮಾತ್ರ ಜಗಳ ಆಡುತ್ತಲೇ ಇದ್ದರು. ಆ ಜಗಳದ ಕಥೆಯನ್ನು ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಯಾಕೆಂದರೆ ಕೊನೆಗೆ ಸಿಕ್ಕ ಉತ್ತರ ವಿಚಿತ್ರವಾದದ್ದು: ಈ ಮದ್ದು ಬ್ಯಾಕ್ಟೀರಿಯಾದ ಯಂತ್ರವನ್ನು ಬರೀ ನಿಲ್ಲಿಸಿ ಕೊಲ್ಲುವುದಿಲ್ಲ, ಆ ಯಂತ್ರದ ಕೈಯಲ್ಲಿ ತಪ್ಪು ಮಾಡಿಸಿ ಕೊಲ್ಲುತ್ತದೆ.

ಮೊದಲು ಮದ್ದಿನ ಕಥೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ಮಣ್ಣಿನ ಸೂಕ್ಷ್ಮಜೀವಿಗಳ ತಜ್ಞ ಇದ್ದರು. ಅವರ ಹತ್ತಿರ ಸಂಶೋಧನೆ ಮಾಡುತ್ತಿದ್ದ ಆಲ್ಬರ್ಟ್ ಶಾಟ್ಜ್ ಎಂಬ ಯುವಕ 1943ರ ಅಕ್ಟೋಬರ್‌ನಲ್ಲಿ ಸ್ಟ್ರೆಪ್ಟೋಮೈಸಿಸ್ ಗ್ರಿಸಿಯಸ್ ಎಂಬ ಬ್ಯಾಕ್ಟೀರಿಯಾದಿಂದ ಈ ವಸ್ತುವನ್ನು ಪಡೆದ. 1944ರಲ್ಲಿ ಬಂದ ಮೊದಲ ಪ್ರಬಂಧದಲ್ಲಿ ಶಾಟ್ಜ್, ಎಲಿಜಬೆತ್ ಬೂಗಿ, ವಾಕ್ಸ್‌ಮನ್ ಮೂವರ ಹೆಸರೂ ಇತ್ತು. ಆದರೆ 1952ರ ನೊಬೆಲ್ ಬಂದಿದ್ದು ವಾಕ್ಸ್‌ಮನ್ ಒಬ್ಬರಿಗೇ. ಅದಕ್ಕೆ ಮೊದಲೇ ಶಾಟ್ಜ್ ಕೋರ್ಟಿಗೆ ಹೋಗಿ, 1950ರಲ್ಲಿ ರಾಜಿಯಾಗಿ, ಸಹಸಂಶೋಧಕ ಎಂಬ ಮಾನ್ಯತೆ ಪಡೆದಿದ್ದ. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ನೋಡೋಣ.

ಮದ್ದಿನ ಶಕ್ತಿಯ ಬಗ್ಗೆ ಅನುಮಾನ ಇರಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 107 ಕ್ಷಯರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಬರೀ ಹಾಸಿಗೆಯ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ ಆರು ತಿಂಗಳೊಳಗೆ 14 ಜನ ತೀರಿಕೊಂಡಿದ್ದರು. ವಿಶ್ರಾಂತಿಯ ಜೊತೆಗೆ ಸ್ಟ್ರೆಪ್ಟೋಮೈಸಿನ್ ಪಡೆದ 55 ಜನರಲ್ಲಿ 4 ಜನ. ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದೂ ಕಂಡಿತು. ಕೆಲವು ತಿಂಗಳಲ್ಲೇ ಬಹಳ ರೋಗಿಗಳಲ್ಲಿ ಮದ್ದಿಗೆ ಬಗ್ಗದ ಕ್ರಿಮಿಗಳು ಹುಟ್ಟಿಕೊಂಡಿದ್ದವು. ಅಂದರೆ ಬ್ಯಾಕ್ಟೀರಿಯಾಕ್ಕೆ ತಪ್ಪಿಸಿಕೊಳ್ಳುವ ದಾರಿ ಗೊತ್ತಿತ್ತು. ಅದು ಯಾವುದರಿಂದ ತಪ್ಪಿಸಿಕೊಳ್ಳುತ್ತಿದೆ ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ.

* * *

ಮುಂದೆ ಹೋಗುವ ಮೊದಲು ಜೀವಕೋಶದ ಒಳಗಿನ ಅಚ್ಚುಕೂಟವನ್ನು ಒಮ್ಮೆ ನೋಡಿಬಿಡೋಣ. ಹಳೆಯ ಕಾಲದ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರು ಇರುತ್ತಿದ್ದರಲ್ಲ, ಹಸ್ತಪ್ರತಿ ನೋಡಿಕೊಂಡು ಖಾನೆಗಳಿಂದ ಒಂದೊಂದೇ ಅಕ್ಷರದ ಮೊಳೆ ತೆಗೆದು ಸಾಲು ಕಟ್ಟುವವರು, ಜೀವಕೋಶದಲ್ಲಿ ಆ ಕೆಲಸ ಮಾಡುವುದು ರೈಬೋಸೋಮ್. ಹಸ್ತಪ್ರತಿ ಎಂದರೆ ಮೆಸೆಂಜರ್ ಆರ್‌ಎನ್‌ಎ. ಅದರಲ್ಲಿ ಮೂರು ಮೂರು ಅಕ್ಷರಗಳ ಪದಗಳಿರುತ್ತವೆ, ಒಟ್ಟು 64 ಬಗೆ. ಅವಕ್ಕೆ ಕೋಡಾನ್ ಅಂತ ಹೆಸರು. 61 ಕೋಡಾನ್‌ಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು ಪೂರ್ಣವಿರಾಮ. ಅಮೈನೋ ಆಮ್ಲಗಳೇ ಮೊಳೆಗಳು. ಒಂದೊಂದು ಮೊಳೆಯನ್ನೂ ಹೊತ್ತು ತರುವ ಹಮಾಲಿ ಟ್ರಾನ್ಸ್‌ಫರ್ ಆರ್‌ಎನ್‌ಎ. ಚೆನ್ನಾಗಿ ಬೆಳೆಯುತ್ತಿರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಒಂದು ರೈಬೋಸೋಮ್ ಸೆಕೆಂಡಿಗೆ ಸುಮಾರು 15ರಿಂದ 20 ಮೊಳೆ ಜೋಡಿಸುತ್ತದೆ. ಅಂಥ ಸಾವಿರಾರು ರೈಬೋಸೋಮ್‌ಗಳು ಒಂದೇ ಕೋಶದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ.

ಇಷ್ಟು ವೇಗದಲ್ಲಿ ತಪ್ಪಾಗುವುದಿಲ್ಲವೆ? ಆಗುತ್ತದೆ. 1957ರಲ್ಲಿ ಲೈನಸ್ ಪೌಲಿಂಗ್ ಒಂದು ಲೆಕ್ಕ ಹಾಕಿದರು. ವ್ಯಾಲೀನ್ ಮತ್ತು ಐಸೋಲ್ಯೂಸೀನ್ ಎಂಬ ಎರಡು ಅಮೈನೋ ಆಮ್ಲಗಳು ಅಣ್ಣತಮ್ಮಂದಿರ ಹಾಗೆ, ಒಂದು ಕಾರ್ಬನ್ನು ಮತ್ತು ಎರಡು ಹೈಡ್ರೋಜನ್ನು ಇಷ್ಟೇ ವ್ಯತ್ಯಾಸ. ಬರೀ ಆಕಾರ ನೋಡಿ ಆರಿಸುವುದಾದರೆ 20 ಸಲಕ್ಕೆ ಒಮ್ಮೆಯಾದರೂ ಒಂದರ ಜಾಗದಲ್ಲಿ ಇನ್ನೊಂದು ಬೀಳಬೇಕು ಎಂದು ಅವರ ಅಂದಾಜು. ಆದರೆ 1963ರಲ್ಲಿ ರಾಬರ್ಟ್ ಲಾಫ್ಟ್‌ಫೀಲ್ಡ್ ನಿಜವಾದ ಪ್ರೋಟೀನುಗಳಲ್ಲಿ ಅಳೆದು ನೋಡಿದಾಗ ಸಿಕ್ಕಿದ್ದು ಸುಮಾರು 3,000ಕ್ಕೆ ಒಂದು. ಲೆಕ್ಕಕ್ಕಿಂತ ಸುಮಾರು 150 ಪಟ್ಟು ಕಡಿಮೆ. ಅಂದರೆ ಎಲ್ಲೋ ಯಾರೋ ಕೂತು ಕರಡು ತಿದ್ದುತ್ತಿದ್ದಾರೆ! ಆ ಕರಡು ತಿದ್ದುವ ಕೆಲಸದ ಮೊದಲ ಸುಳಿವು ಸಿಕ್ಕಿದ್ದು 1966ರಲ್ಲಿ, ಬಾಲ್ಡ್ವಿನ್ ಮತ್ತು ಪಾಲ್ ಬರ್ಗ್ ಅವರಿಗೆ. ಹಮಾಲಿಯ ತಲೆಗೆ ಮೊಳೆ ಹೊರಿಸುವ ಕಿಣ್ವವೇ ತಪ್ಪು ಮೊಳೆಯನ್ನು ಒಡೆದು ಬಿಸಾಡುತ್ತಿತ್ತು.

ಇದಿಷ್ಟು ಹಿನ್ನೆಲೆ. ಈಗ ಜಗಳಕ್ಕೆ ಬರೋಣ.

* * *

ಒಂದು ಕಡೆ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಬರ್ನಾರ್ಡ್ ಡೇವಿಸ್. ಅವರ ಪ್ರಯೋಗಶಾಲೆಗೆ 1950ರ ದಶಕದ ಕೊನೆಯಲ್ಲಿ ನಮ್ಮ ದೇಶದಿಂದ ಒಬ್ಬರು ಹೋಗಿದ್ದರು, ನಿತ್ಯ ಆನಂದ್. ಮುಂದೆ ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು, 'ಸಹೇಲಿ' ಗರ್ಭನಿರೋಧಕ ಮಾತ್ರೆಯ ಹಿಂದಿದ್ದವರು. 2024ರ ಜನವರಿಯಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿಯಲ್ಲಿ 'ಸಹೇಲಿ' ಮಾತ್ರೆಯ ಬಗ್ಗೆ ಬಂತು, ಈ ಹಳೆಯ ಕೆಲಸದ ಬಗ್ಗೆ ನಾನು ಎಲ್ಲೂ ಓದಲಿಲ್ಲ.

ಆನಂದ್ ಮತ್ತು ಡೇವಿಸ್ 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದು ಇಷ್ಟು: ಸ್ಟ್ರೆಪ್ಟೋಮೈಸಿನ್ ಹಾಕಿದ ಇ. ಕೋಲೈ ಕೋಶಗಳ ಹೊರಪೊರೆ ಸೋರತೊಡಗುತ್ತದೆ. ಒಳಗಿರಬೇಕಾದ್ದು ಹೊರಗೆ ಬರುತ್ತದೆ, ಹೊರಗಿರಬೇಕಾದ್ದು ಒಳಗೆ ನುಗ್ಗುತ್ತದೆ. ಮದ್ದು ಕೂಡ ಮೊದಲು ಚೂರು ಚೂರು ಒಳಗೆ ಹೋಗಿ, ಆಮೇಲೆ ಏಕಾಏಕಿ ತುಂಬಿಕೊಳ್ಳುತ್ತದೆ. ಹಾಗಾದರೆ ಮದ್ದು ಹೊಡೆಯುವುದು ಪೊರೆಗೆ. ಸರಳವಾಗಿತ್ತು ವಾದ.

ಆದರೆ ಅವರದೇ ಪ್ರಯೋಗದಲ್ಲಿ ಒಂದು ಮುಳ್ಳು ಇತ್ತು. ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುವ ಕ್ಲೋರಾಂಫೆನಿಕಾಲ್ ಎಂಬ ಇನ್ನೊಂದು ಮದ್ದನ್ನು ಮೊದಲೇ ಹಾಕಿಬಿಟ್ಟರೆ, ಸ್ಟ್ರೆಪ್ಟೋಮೈಸಿನ್‌ಗೆ ಕೋಶವನ್ನು ಕೊಲ್ಲಲು ಆಗುತ್ತಿರಲಿಲ್ಲ. ಪೊರೆ ಸೋರುತ್ತಲೂ ಇರಲಿಲ್ಲ. ಪೊರೆಗೆ ಹೊಡೆಯುವ ಮದ್ದಿಗೆ ಅಚ್ಚುಕೂಟ ನಡೆಯುತ್ತಿದ್ದರೇನು, ಬಾಗಿಲು ಹಾಕಿದ್ದರೇನು? ಬೆಳೆಯುವಾಗ ಹೊಸ ಪೊರೆ ಕಟ್ಟುವ ಕೆಲಸವನ್ನು ಮದ್ದು ಕೆಡಿಸುತ್ತಿರಬಹುದು ಅಂತ ಅವರು ಊಹಿಸಿದರು. ಹೇಗೆ ಎಂದು ಹೇಳಲಾಗಲಿಲ್ಲ.

ಇನ್ನೊಂದು ಕಡೆ ರೈಬೋಸೋಮ್ ಪಕ್ಷ. 1961ರಲ್ಲಿ ಸ್ಪಾಟ್ಸ್ ಮತ್ತು ಸ್ಟೇನಿಯರ್, ಮದ್ದಿನ ಗುರಿ ರೈಬೋಸೋಮೇ ಇರಬೇಕು ಎಂದು ವಾದ ಮುಂದಿಟ್ಟರು. ಅದೇ ವರ್ಷ ನೀರೆನ್‌ಬರ್ಗ್ ಮತ್ತು ಮಟೈ, ಬರೀ 'ಯು' ಅಕ್ಷರಗಳೇ ಇರುವ ಕೃತಕ ಆರ್‌ಎನ್‌ಎಯನ್ನು ಬ್ಯಾಕ್ಟೀರಿಯಾ ಅರೆದು ತೆಗೆದ ರಸಕ್ಕೆ ಹಾಕಿ, ಬರೀ ಫಿನೈಲಲನೀನ್ ಎಂಬ ಅಮೈನೋ ಆಮ್ಲದ ಸರ ಬರುವುದನ್ನು ತೋರಿಸಿದ್ದರು. ಜೀವಸಂಕೇತದ ಮೊದಲ ಪದ ಸಿಕ್ಕಿದ್ದು ಹಾಗೆ. ಈ ರಸ ಒಂದು ಅದ್ಭುತ ಸಾಧನವಾಯಿತು. 1962ರ ಹೊತ್ತಿಗೆ, ಮದ್ದಿಗೆ ಬಗ್ಗದ ತಳಿಯಿಂದ ತೆಗೆದ ರೈಬೋಸೋಮ್‌ಗಳು ಈ ರಸದಲ್ಲೂ ಮದ್ದಿಗೆ ಬಗ್ಗುವುದಿಲ್ಲ ಎಂದು ಖಚಿತವಾಯಿತು. ಅಲ್ಲಿ ಪೊರೆಯೇ ಇಲ್ಲ! ರೈಬೋಸೋಮ್ ಪಕ್ಷಕ್ಕೆ ಬಲ ಬಂತು.

ಆದರೆ ಮದ್ದು ರೈಬೋಸೋಮಿಗೆ ಏನು ಮಾಡುತ್ತದೆ?

* * *

ಇಲ್ಲಿ ಬರುತ್ತಾರೆ ನನಗೆ ಬಹಳ ಇಷ್ಟವಾದ ಮನುಷ್ಯ, ಲೂಯಿಜಿ ಗೊರಿನಿ. 1903ರಲ್ಲಿ ಹುಟ್ಟಿದ ಇಟಲಿಯವರು. ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತಕ್ಕೆ ತಲೆಬಾಗದೆ ಇದ್ದವರು. ಅಮೆರಿಕಕ್ಕೆ ಬಂದು ಹಾರ್ವರ್ಡ್ ಮೆಡಿಕಲ್ ಸ್ಕೂಲಿನಲ್ಲೇ ನೆಲೆಯೂರಿದರು. ಅಂದರೆ ಡೇವಿಸ್ ಇದ್ದ ಜಾಗದಲ್ಲೇ.

ಗೊರಿನಿ ಕೆಲಸ ಮಾಡುತ್ತಿದ್ದದ್ದು ಸ್ಟ್ರೆಪ್ಟೋಮೈಸಿನ್‌ನಿಂದ ಸಾಯದ, ಆದರೆ ಅರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ತಾವೇ ತಯಾರಿಸಿಕೊಳ್ಳಲಾಗದ ಇ. ಕೋಲೈ ತಳಿಗಳ ಮೇಲೆ. ಅರ್ಜಿನೀನ್ ಕೊಟ್ಟರೆ ಬದುಕುತ್ತವೆ, ಕೊಡದಿದ್ದರೆ ಬೆಳೆಯುವುದಿಲ್ಲ. ಅಂಥ ಕೆಲವು ತಳಿಗಳು ಅರ್ಜಿನೀನ್ ಇಲ್ಲದಿದ್ದರೂ ಸ್ಟ್ರೆಪ್ಟೋಮೈಸಿನ್ ಕೊಟ್ಟಾಗ ಬೆಳೆಯುವುದನ್ನು ಅವರು ಕಂಡರು. ಕೊಲ್ಲುವ ಮದ್ದು ಊಟ ಕೊಡುತ್ತಿದೆ!

ಇದಕ್ಕೆ ಗೊರಿನಿ ಮತ್ತು ಕತಾಯ 1964ರಲ್ಲಿ ಕೊಟ್ಟ ವಿವರಣೆ ಎಷ್ಟು ಚೆಂದ ನೋಡಿ. ಈ ತಳಿಗಳ ವಂಶವಾಹಿಯಲ್ಲೇ, ಅಂದರೆ ಹಸ್ತಪ್ರತಿಯಲ್ಲೇ, ಒಂದು ಅಕ್ಷರ ತಪ್ಪಾಗಿದೆ. ಮೊಳೆ ಜೋಡಿಸುವವನು ಪ್ರಾಮಾಣಿಕವಾಗಿ ಇದ್ದದ್ದನ್ನು ಇದ್ದಹಾಗೇ ಜೋಡಿಸುತ್ತಾನೆ, ಅರ್ಜಿನೀನ್ ತಯಾರಿಸುವ ಕಿಣ್ವ ಕೆಟ್ಟುಹೋಗುತ್ತದೆ. ಮದ್ದು ಕುಡಿಸಿದಾಗ ಅವನಿಗೆ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಎಷ್ಟೋ ಕಡೆ ತಪ್ಪು ಓದುತ್ತಾನೆ. ಆ ತಪ್ಪುಗಳಲ್ಲಿ ಅಪರೂಪಕ್ಕೊಮ್ಮೆ, ತಪ್ಪಾಗಿದ್ದ ಆ ಅಕ್ಷರವನ್ನೇ ತಪ್ಪಾಗಿ ಓದಿ ಸರಿಯಾದ ಮೊಳೆ ಇಡುತ್ತಾನೆ. ತಪ್ಪಿನ ಮೇಲೆ ತಪ್ಪು ಬಿದ್ದು ಸರಿಯಾಯಿತು. ನೂರಕ್ಕೆ ಒಂದೆರಡು ಕಿಣ್ವ ಸರಿಯಾಗಿ ಬಂದರೂ ಬ್ಯಾಕ್ಟೀರಿಯಾಕ್ಕೆ ಹೇಗೋ ಜೀವನ ನಡೆಯುತ್ತದೆ.

ಇದು ಊಹೆ. ಸಾಕ್ಷಿ ಬೇಕಲ್ಲ? ಅದೇ ವರ್ಷ ಜೂಲಿಯನ್ ಡೇವೀಸ್, ವಾಲ್ಟರ್ ಗಿಲ್ಬರ್ಟ್ ಮತ್ತು ಗೊರಿನಿ ಸೇರಿ ನೀರೆನ್‌ಬರ್ಗ್ ರಸವನ್ನೇ ತೆಗೆದುಕೊಂಡರು. ಬರೀ 'ಯು' ಅಕ್ಷರದ ಆರ್‌ಎನ್‌ಎ ಹಾಕಿದರು, ಜೊತೆಗೆ ಸ್ಟ್ರೆಪ್ಟೋಮೈಸಿನ್. ಫಿನೈಲಲನೀನ್ ಬರಬೇಕಾದ ಕಡೆ ಐಸೋಲ್ಯೂಸೀನ್ ಬಂದು ಕೂತಿತ್ತು. ಯುಯುಯು ಎಂಬುದನ್ನು ಎಯುಯು ಎಂದು ಓದಿದ ಹಾಗೆ. ಮದ್ದಿಗೆ ಬಗ್ಗದ ತಳಿಯ ರೈಬೋಸೋಮ್‌ಗಳಲ್ಲಿ ಈ ತಪ್ಪು ಬಹಳ ಕಡಿಮೆ. ಇಷ್ಟು ನೇರವಾದ ಸಾಕ್ಷಿ ಸಿಗುವುದು ಅಪರೂಪ.

ಹಾಗಾದರೆ ಡೇವಿಸ್ ಸೋತರೆ? ಜಗತ್ತು ಹಾಗೇ ಅಂದುಕೊಂಡಿತು. ಪಠ್ಯಪುಸ್ತಕಗಳಲ್ಲಿ 'ಸ್ಟ್ರೆಪ್ಟೋಮೈಸಿನ್ ತಪ್ಪು ಓದಿಸುತ್ತದೆ' ಎಂಬ ಸಾಲು ಕೂತಿತು. ಪೊರೆಯ ಮಾತು ಹಿಂದೆ ಬಿತ್ತು.

* * *

ಆದರೆ ಒಂದು ಪ್ರಶ್ನೆ ಉಳಿದಿತ್ತು, ಮತ್ತು ಅದು ಸಣ್ಣದಲ್ಲ. ತಪ್ಪು ಓದಿದರೆ ಸಾಯಬೇಕು ಯಾಕೆ? ಕ್ಲೋರಾಂಫೆನಿಕಾಲ್ ಅಚ್ಚುಕೂಟವನ್ನೇ ಬಂದ್ ಮಾಡುತ್ತದೆ, ಆದರೂ ಇ. ಕೋಲೈ ಸಾಯುವುದಿಲ್ಲ, ಮದ್ದು ತೊಳೆದುಬಿಟ್ಟರೆ ಎದ್ದು ಮತ್ತೆ ಬೆಳೆಯುತ್ತದೆ. ಪ್ರೋಟೀನೇ ಇಲ್ಲದಿದ್ದಾಗ ಸಾಯದ್ದು, ಕೆಟ್ಟ ಪ್ರೋಟೀನು ಬಂದಾಗ ಯಾಕೆ ಸಾಯುತ್ತದೆ?

ಒಂದು ಸಾಧ್ಯತೆಯನ್ನು ಲೆಸ್ಲಿ ಆರ್ಗೆಲ್ 1963ರಲ್ಲೇ ಸೂಚಿಸಿದ್ದರು, ಮುಪ್ಪಿನ ಬಗ್ಗೆ ಯೋಚಿಸುತ್ತಾ. ರೈಬೋಸೋಮಿನಲ್ಲೂ ಪ್ರೋಟೀನುಗಳಿವೆಯಲ್ಲವೆ? ತಪ್ಪು ಪ್ರೋಟೀನಿನಿಂದ ಕಟ್ಟಿದ ರೈಬೋಸೋಮ್ ಇನ್ನಷ್ಟು ತಪ್ಪು ಮಾಡುತ್ತದೆ, ಅದರಿಂದ ಹುಟ್ಟಿದ್ದು ಮತ್ತಷ್ಟು. ಕೊನೆಗೆ ತಪ್ಪುಗಳ ಮಹಾಪೂರ. ಕೇಳಿದರೆ ಭಯವಾಗುತ್ತದೆ, ನಂಬಿಕೆಯೂ ಬರುತ್ತದೆ. ಆದರೆ ಅಳೆಯುವುದು ಹೇಗೆ?

ಎಡೆಲ್ಮನ್ ಮತ್ತು ಜೊನಾಥನ್ ಗ್ಯಾಲಂಟ್ 1977ರಲ್ಲಿ ಒಂದು ಜಾಣ ದಾರಿ ಹಿಡಿದರು. ಇ. ಕೋಲೈ ಈಜುವ ಬಾಲದ ಪ್ರೋಟೀನು ಫ್ಲಜೆಲಿನ್. ಇದರಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಒಂದೂ ಇಲ್ಲ. ಹಾಗಾದರೆ ಬಾಲದಲ್ಲಿ ಸಿಸ್ಟೀನ್ ಎಲ್ಲಾದರೂ ಕಂಡರೆ ಅದು ತಪ್ಪೇ! ಗಂಧಕದ ವಿಕಿರಣ ಐಸೋಟೋಪು ಬಳಸಿ ಎಣಿಸಿದರು. ಸಾಮಾನ್ಯ ಕೋಶದಲ್ಲಿ ಸುಮಾರು 10,000 ಓದಿಗೆ ಒಂದು ತಪ್ಪು ಎಂಬ ಮಟ್ಟ. ಕಡಿಮೆ ಅನಿಸುತ್ತದೆ. ಆದರೆ ಇದೇ ದರ ಎಲ್ಲ ಕಡೆ ಅಂತ ಇಟ್ಟುಕೊಂಡರೆ 300 ಮೊಳೆಗಳ ಒಂದು ಪ್ರೋಟೀನಿನಲ್ಲಿ ನೂರಕ್ಕೆ ಮೂರು ಪ್ರತಿಗಳಲ್ಲಿ ಎಲ್ಲಾದರೂ ಒಂದು ತಪ್ಪು ಇದ್ದೇ ಇರುತ್ತದೆ. ತಪ್ಪು ಹತ್ತು ಪಟ್ಟಾದರೆ ನೂರಕ್ಕೆ 26 ಪ್ರತಿಗಳು ಕೆಟ್ಟವು. ಒಪ್ಪೋಲೆ ಹಾಕುವುದಾದರೆ ಪುಸ್ತಕಕ್ಕಿಂತ ಒಪ್ಪೋಲೆಯೇ ದಪ್ಪ :-)

ಸ್ಟ್ರೆಪ್ಟೋಮೈಸಿನ್ ಕೊಟ್ಟಾಗ ತಪ್ಪುಗಳು ಏರಿದವು. ಆದರೆ ಮಹಾಪೂರ ಬರಲಿಲ್ಲ. ಏರಿ, ಒಂದು ಮಟ್ಟದಲ್ಲಿ ನಿಂತವು. ಕೋಶ ಹೊಸ ಮಟ್ಟದಲ್ಲೇ ಬದುಕಿತು. ಆರ್ಗೆಲ್ ಊಹಿಸಿದ ವಿಷವರ್ತುಲ ಬ್ಯಾಕ್ಟೀರಿಯಾದಲ್ಲಿ ಕಾಣಲಿಲ್ಲ.

ಅಂದರೆ ಪ್ರಶ್ನೆ ಮತ್ತೆ ಅಲ್ಲೇ. ತಪ್ಪು ಪ್ರೋಟೀನು ಇದೆ. ಸಾವೂ ಇದೆ. ನಡುವಿನ ಸೇತುವೆ ಎಲ್ಲಿ?

1986ರಲ್ಲಿ ಆ ಸೇತುವೆ ಕಟ್ಟಿದ್ದು ಬೇರಾರೂ ಅಲ್ಲ, ಅದೇ ಬರ್ನಾರ್ಡ್ ಡೇವಿಸ್, ಎಪ್ಪತ್ತರ ವಯಸ್ಸಿನಲ್ಲಿ! ಚೆನ್ ಮತ್ತು ತಾಯ್ ಎಂಬ ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧದ ಸಾರ ಹೀಗಿದೆ. ಮೊದಲು ಮದ್ದು ಒಂದು ಚೂರು ಮಾತ್ರ ಒಳಗೆ ಹೋಗುತ್ತದೆ. ರೈಬೋಸೋಮ್ ತಪ್ಪು ಓದತೊಡಗುತ್ತದೆ. ತಯಾರಾಗುವ ಪ್ರೋಟೀನುಗಳಲ್ಲಿ ಎಷ್ಟೋ ಪೊರೆಯಲ್ಲಿ ಕೂರಬೇಕಾದವು. ಅವು ತಪ್ಪು ಆಕಾರದಲ್ಲಿ ಮಡಿಚಿಕೊಂಡು ಪೊರೆಯಲ್ಲಿ ಸಿಕ್ಕಿಕೊಂಡು ತೂತು ಮಾಡುತ್ತವೆ. ಆ ತೂತಿನಿಂದ ಇನ್ನಷ್ಟು ಮದ್ದು ಒಳಗೆ ನುಗ್ಗುತ್ತದೆ. ಕೊನೆಗೆ ಮದ್ದು ಒಳಗೆ ತುಂಬಿ ರೈಬೋಸೋಮ್‌ಗಳನ್ನೆಲ್ಲ ಹಿಡಿದು ಕೂರುತ್ತದೆ, ಕೋಶ ಮತ್ತೆ ಏಳುವುದಿಲ್ಲ.

ಈಗ 1960ರ ಮುಳ್ಳನ್ನು ನೆನಪಿಸಿಕೊಳ್ಳಿ. ಕ್ಲೋರಾಂಫೆನಿಕಾಲ್ ಹಾಕಿದರೆ ಕೋಶ ಉಳಿಯುತ್ತಿದ್ದದ್ದು ಯಾಕೆ? ಪ್ರೋಟೀನೇ ತಯಾರಾಗದಿದ್ದರೆ ಕೆಟ್ಟ ಪ್ರೋಟೀನೂ ಇಲ್ಲ, ತೂತೂ ಇಲ್ಲ. ಆನಂದ್ ಮತ್ತು ಡೇವಿಸ್ ಕಂಡಿದ್ದು ಸರಿ, ಗೊರಿನಿ ಕಂಡಿದ್ದೂ ಸರಿ. ಇಬ್ಬರ ಕೈಯಲ್ಲೂ ಅರ್ಧರ್ಧ ಇತ್ತು. 26 ವರ್ಷ ಬೇಕಾಯಿತು ಎರಡನ್ನೂ ಜೋಡಿಸಲು. ಗೊರಿನಿ 1976ರಲ್ಲೇ ತೀರಿಕೊಂಡಿದ್ದರು, ಇದನ್ನು ನೋಡಲಿಲ್ಲ.

ಕಥೆ ಅಲ್ಲಿಗೂ ಪೂರ್ತಿ ಮುಗಿದಿಲ್ಲ. 2008ರಲ್ಲಿ ಜೇಮ್ಸ್ ಕಾಲಿನ್ಸ್ ತಂಡ, ಈ ತಪ್ಪು ಪೊರೆಪ್ರೋಟೀನುಗಳು ಕೋಶದ ಉಸಿರಾಟವನ್ನು ಕೆಡಿಸಿ ವಿಷಕಾರಿ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ, ಕೊಲ್ಲುವುದು ಅವು ಎಂದಿತು. 2013ರಲ್ಲಿ ಬೇರೆ ತಂಡಗಳು ಅದನ್ನು ಪ್ರಶ್ನಿಸಿದವು. ಕೊನೆಯ ಏಟಿನ ಬಗ್ಗೆ ವಾದ ಇದೆ, ಮೊದಲ ಏಟಿನ ಬಗ್ಗೆ ಇಲ್ಲ. 2000ದಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರ ಕೇಂಬ್ರಿಡ್ಜ್ ತಂಡ ಸ್ಟ್ರೆಪ್ಟೋಮೈಸಿನ್ ರೈಬೋಸೋಮಿನ ಚಿಕ್ಕ ಭಾಗದಲ್ಲಿ ಎಲ್ಲಿ ಕೂತಿದೆ ಎಂಬುದನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿಬಿಟ್ಟಿತು. ಅದು ಕೂತಿರುವುದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಜಾಗದ ಪಕ್ಕದಲ್ಲೇ.

* * *

ಇಷ್ಟೂ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ತಪ್ಪು ಕೊಲ್ಲುತ್ತದೆ ಎಂದಾದರೆ, ತಪ್ಪೇ ಮಾಡದ ಬ್ಯಾಕ್ಟೀರಿಯಾ ಸುಖವಾಗಿರಬೇಕಲ್ಲವೆ?

ಇಲ್ಲ. ಮದ್ದಿಗೆ ಬಗ್ಗದ ಎಷ್ಟೋ ತಳಿಗಳಲ್ಲಿ ರೈಬೋಸೋಮಿನ ಎಸ್12 ಎಂಬ ಪ್ರೋಟೀನು ಬದಲಾಗಿರುತ್ತದೆ. ಅವುಗಳಲ್ಲಿ ಹಲವು ಸಾಮಾನ್ಯ ರೈಬೋಸೋಮಿಗಿಂತ ಹೆಚ್ಚು ಕರಾರುವಾಕ್ಕು, ಆದರೆ ನಿಧಾನ. ಮದ್ದಿಲ್ಲದ ಕಡೆ ಸಾಮಾನ್ಯ ತಳಿಯ ಜೊತೆ ಓಟದಲ್ಲಿ ಹಿಂದೆ ಬೀಳುತ್ತವೆ. 1947ರಲ್ಲೇ ಮಿಲ್ಲರ್ ಮತ್ತು ಬೋನ್‌ಹಾಫ್ ಇನ್ನೂ ವಿಚಿತ್ರವಾದ ತಳಿ ಕಂಡಿದ್ದರು, ಸ್ಟ್ರೆಪ್ಟೋಮೈಸಿನ್ ಇಲ್ಲದಿದ್ದರೆ ಬೆಳೆಯಲಾರದವು! ಇಂಥವುಗಳ ಗುಟ್ಟು ಆಮೇಲೆ ತಿಳಿಯಿತು. ಅವುಗಳ ಮೊಳೆ ಜೋಡಿಸುವವನು ಅತಿ ಮಡಿವಂತ, ಪ್ರತಿ ಅಕ್ಷರಕ್ಕೂ ಅನುಮಾನ, ಸಾಲು ಮುಂದಕ್ಕೇ ಹೋಗುವುದಿಲ್ಲ. ಮದ್ದು ಅವನ ಮಡಿಯನ್ನು ಸ್ವಲ್ಪ ಸಡಿಲ ಮಾಡಿದರೆ ಮಾತ್ರ ಕೆಲಸ ನಡೆಯುತ್ತದೆ. 1969ರಲ್ಲಿ ರೊಸೆ ಮತ್ತು ಗೊರಿನಿ ಇದಕ್ಕೆ ತದ್ವಿರುದ್ಧವಾದ, ಮದ್ದಿಲ್ಲದೆಯೇ ಅಡ್ಡಾದಿಡ್ಡಿ ಓದುವ ರೈಬೋಸೋಮನ್ನೂ ಹುಡುಕಿದರು. ಬ್ಯಾಕ್ಟೀರಿಯಾ ಇವೆರಡರ ನಡುವೆ ಬದುಕುತ್ತದೆ. 10,000ಕ್ಕೆ ಒಂದು ತಪ್ಪು ಎನ್ನುವುದು ಅದರ ಸೋಮಾರಿತನ ಅಲ್ಲ, ವೇಗಕ್ಕೆ ಅದು ಕೊಡುವ ಬೆಲೆ.

ಕೆಲವೊಮ್ಮೆ ಆ ಬೆಲೆ ಲಾಭವೂ ಆಗುತ್ತದೆ. 2014ರಲ್ಲಿ ಬಾಬಕ್ ಜಾವಿದ್, ಎರಿಕ್ ರೂಬಿನ್ ಮತ್ತು ಜೊತೆಗಾರರು ಕ್ಷಯದ ಕ್ರಿಮಿಯ ಕುಲಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಾಗಳಲ್ಲಿ ತೋರಿಸಿದ್ದು ಇದನ್ನೇ. ಪ್ರೋಟೀನು ತಯಾರಿಕೆಯ ತಪ್ಪು ಹೆಚ್ಚಾದಾಗ ಅವು ರಿಫಾಂಪಿಸಿನ್ ಎಂಬ ಮದ್ದನ್ನು ಹೆಚ್ಚು ತಡೆದುಕೊಳ್ಳುತ್ತವೆ, ತಪ್ಪು ಕಡಿಮೆ ಮಾಡಿದರೆ ಸುಲಭವಾಗಿ ಸಾಯುತ್ತವೆ. ರಿಫಾಂಪಿಸಿನ್ ಇವತ್ತಿಗೂ ಕ್ಷಯಚಿಕಿತ್ಸೆಯ ಬೆನ್ನೆಲುಬು. ವಂಶವಾಹಿ ಬದಲಾಗದೆಯೇ, ಬರೀ ಓದಿನ ತಪ್ಪಿನಿಂದ, ಒಂದಷ್ಟು ಕ್ರಿಮಿಗಳು ತಪ್ಪಿಸಿಕೊಳ್ಳಬಹುದು ಎಂದಾದರೆ ಅದು ಬರೀ ಪ್ರಯೋಗಶಾಲೆಯ ಸ್ವಾರಸ್ಯ ಅಲ್ಲ.

ಕೊನೆಯದಾಗಿ ನಮ್ಮ ಲೆಕ್ಕ. ಸ್ಟ್ರೆಪ್ಟೋಮೈಸಿನ್ ಪಡೆದ ಮೊದಲ ರೋಗಿಗಳಲ್ಲೇ ತಲೆಸುತ್ತು, ನಡೆಯುವಾಗ ತೂರಾಡುವುದು ಕಂಡುಬಂದಿತ್ತು. ಕಿವುಡಾದವರೂ ಇದ್ದಾರೆ. ಇದಕ್ಕೂ ನಮ್ಮ ಕಥೆಗೂ ನಂಟಿದೆ. ನಮ್ಮ ಜೀವಕೋಶಗಳ ಒಳಗಿರುವ ಮೈಟೋಕಾಂಡ್ರಿಯಾಗಳು ಒಂದಾನೊಂದು ಕಾಲದ ಬ್ಯಾಕ್ಟೀರಿಯಾಗಳ ವಂಶದವು, ಅವಕ್ಕೆ ತಮ್ಮದೇ ರೈಬೋಸೋಮ್‌ಗಳಿವೆ. 1993ರಲ್ಲಿ ಪತ್ತೆಯಾದ ಪ್ರಕಾರ, ಕೆಲವು ಕುಟುಂಬಗಳಲ್ಲಿ ಆ ರೈಬೋಸೋಮಿನ ಆರ್‌ಎನ್‌ಎಯ ಒಂದು ಅಕ್ಷರ ಬದಲಾಗಿರುತ್ತದೆ. ತಾಯಿಯಿಂದ ಮಕ್ಕಳಿಗೆ ಬರುವ ಬದಲಾವಣೆ ಇದು. ಆ ಒಂದು ಅಕ್ಷರದಿಂದ ಆ ಜಾಗ ಬ್ಯಾಕ್ಟೀರಿಯಾದ ರೈಬೋಸೋಮನ್ನು ಇನ್ನಷ್ಟು ಹೋಲುತ್ತದೆ. ಅಂಥವರಿಗೆ ಈ ಗುಂಪಿನ ಮದ್ದು ಸ್ವಲ್ಪ ಕೊಟ್ಟರೂ ಕಿವಿ ಹೋಗಬಹುದು. ಮದ್ದಿಗೆ ಯಾರು ಕ್ರಿಮಿ, ಯಾರು ಮನುಷ್ಯ ಎಂಬುದು ತಿಳಿಯುವುದಿಲ್ಲ. ಅದು ನೋಡುವುದು ರೈಬೋಸೋಮನ್ನು ಮಾತ್ರ.

ಭಾರತದಲ್ಲಿ ಮರುಚಿಕಿತ್ಸೆಗೆ ಬಂದ ಕ್ಷಯರೋಗಿಗಳಿಗೆ ಬಹಳ ವರ್ಷ ಈ ಚುಚ್ಚುಮದ್ದು ಸಾಮಾನ್ಯವಾಗಿತ್ತು. ಆ ಮರುಚಿಕಿತ್ಸೆಯ ಕ್ರಮವನ್ನು ಬಿಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ಅಷ್ಟರಲ್ಲಿ ಈ ಮದ್ದು ಎಷ್ಟೋ ಜೀವ ಉಳಿಸಿತ್ತು, ಕೆಲವರ ಕಿವಿಯನ್ನೂ ತೆಗೆದುಕೊಂಡಿತ್ತು. ಉಳಿಸಿದ್ದೂ ಕಿತ್ತುಕೊಂಡಿದ್ದೂ ಒಂದೇ ಕೆಲಸದಿಂದ, ಒಂದು ಪುಟ್ಟ ಯಂತ್ರಕ್ಕೆ ಅಕ್ಷರ ತಪ್ಪಿ ಓದಿಸುವುದರಿಂದ.